ವೇಗಸ್‌ನ ಕ್ಯಾಸಿನೊ ಹೋಟೆಲ್‌ನಲ್ಲಿ ಕಮ್ಮಿ ದುಡ್ಡಿಗೆ ಉಳಿಯುವುದು ಹೇಗೆ: ಕೂಪನ್ ಹುಡುಕುವವರಿಗೆ

ಲಾಸ್ ವೇಗಸ್‌ನ ಕ್ಯಾಸಿನೊ ಹೋಟೆಲ್‌ನಲ್ಲಿ ರೂಮಿನ ದರ ಒಂದು ರಾತ್ರಿಗೆ 39 ಡಾಲರ್ ಅಂತ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ವಾರದ ನಡುವೆ ಅಂಥ ದರ ನಿಜಕ್ಕೂ ಇರುತ್ತದೆ. ಆದರೆ ಬರೀ 39 ಡಾಲರ್ ಕೊಟ್ಟು ಅಲ್ಲಿ ಉಳಿದು ಬಂದವರು ಸಿಗುವುದು ಕಷ್ಟ. ಕೂಪನ್ ಹುಡುಕುವ ಮೊದಲು ಈ ಲೆಕ್ಕ ತಲೆಗೆ ಹೋಗಬೇಕು. ಇಲ್ಲದಿದ್ದರೆ ಶೇಕಡಾ 20 ರಿಯಾಯಿತಿ ಸಿಕ್ಕಿತು ಅಂತ ಖುಷಿಪಟ್ಟು, ಯಾವ ರಿಯಾಯಿತಿಯೂ ಇಲ್ಲದ ಪಕ್ಕದ ಹೋಟೆಲ್‌ಗಿಂತ ಜಾಸ್ತಿ ಕೊಟ್ಟು ಬರುತ್ತೇವೆ.

ನಾವಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ. ವೇಗಸ್‌ಗೆ ಕಾರಿನಲ್ಲಿ ನಾಲ್ಕೈದು ಗಂಟೆ. ನಮ್ಮ ಬಳಗದಲ್ಲಿ ಯಾರ ಅಪ್ಪ ಅಮ್ಮ ಊರಿಂದ ಬಂದರೂ ಗ್ರ್ಯಾಂಡ್ ಕ್ಯಾನಿಯನ್ ತೋರಿಸಬೇಕು, ಹೂವರ್ ಡ್ಯಾಮ್ ತೋರಿಸಬೇಕು, ಅದಕ್ಕೆಲ್ಲ ಠಿಕಾಣಿ ವೇಗಸ್ಸೇ. ರೂಮು ಹುಡುಕುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನಾನೇ ಕೇಳಿ ತಗೊಳ್ಳುತ್ತೇನೆ ಅಂದರೂ ತಪ್ಪಿಲ್ಲ. ನಮ್ಮಲ್ಲಿ ಯಾರೂ ಜೂಜಾಡುವವರಲ್ಲ. ಆಡದವರು ಆ ಊರಲ್ಲಿ ಕಮ್ಮಿ ದುಡ್ಡಿಗೆ, ನೆಮ್ಮದಿಯಾಗಿ ಉಳಿಯುವುದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಟ್ಟು ಮೊತ್ತ

ವೇಗಸ್‌ನ ಹೆಚ್ಚಿನ ದೊಡ್ಡ ಹೋಟೆಲ್‌ಗಳು ರೂಮಿನ ದರದ ಮೇಲೆ ರೆಸಾರ್ಟ್ ಫೀ ಅಂತ ಹಾಕುತ್ತವೆ. ವೈಫೈ, ಈಜುಕೊಳ, ಜಿಮ್, ಲೋಕಲ್ ಫೋನು ಇದರಲ್ಲಿ ಸೇರಿದೆ ಅನ್ನುತ್ತಾರೆ. ನೀವು ಈಜುಕೊಳದ ಕಡೆ ತಲೆ ಹಾಕದಿದ್ದರೂ ಕೊಡಲೇಬೇಕು. ಸ್ಟ್ರಿಪ್‌ನಲ್ಲಿ, ಅಂದರೆ ಹೋಟೆಲ್‌ಗಳು ಸಾಲಾಗಿ ನಿಂತಿರುವ ಆ ದೊಡ್ಡ ರಸ್ತೆಯಲ್ಲಿ, ಇದು ರಾತ್ರಿಗೆ ಸುಮಾರು 35ರಿಂದ 55 ಡಾಲರ್. ಇದರ ಮೇಲೆ ಶೇಕಡಾ 13.38 ರೂಮ್ ಟ್ಯಾಕ್ಸ್. ಆ ಟ್ಯಾಕ್ಸ್ ರೂಮಿಗೂ ಬೀಳುತ್ತದೆ, ರೆಸಾರ್ಟ್ ಫೀಗೂ ಬೀಳುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ರೂಮು 39, ರೆಸಾರ್ಟ್ ಫೀ 45, ಕೂಡಿದರೆ 84. ಟ್ಯಾಕ್ಸ್ ಸೇರಿ 95 ಡಾಲರ್ 24 ಸೆಂಟ್. ಈಗ ನಿಮ್ಮ ಕೈಲಿ ಶೇಕಡಾ 20ರ ಕೂಪನ್ ಇದೆ ಅನ್ನಿ. ಅದು ಕತ್ತರಿಸುವುದು ರೂಮಿನ ದರವನ್ನು ಮಾತ್ರ, ರೆಸಾರ್ಟ್ ಫೀಯನ್ನು ಮುಟ್ಟುವುದಿಲ್ಲ. ರೂಮು 31.20ಕ್ಕೆ ಇಳಿಯುತ್ತದೆ, ಫೀ 45 ಹಾಗೇ ಇರುತ್ತದೆ. ಟ್ಯಾಕ್ಸ್ ಸೇರಿ 86 ಡಾಲರ್ 40 ಸೆಂಟ್. ಉಳಿದದ್ದು ಒಂಬತ್ತು ಡಾಲರ್ ಕೂಡ ಅಲ್ಲ. ಶೇಕಡಾ 20 ಅಂತ ಬರೆದ ಕೂಪನ್ ನಿಮ್ಮ ಬಿಲ್ಲಿನಲ್ಲಿ ಶೇಕಡಾ 9ರಷ್ಟು ಕೆಲಸ ಮಾಡಿತು. ರೂಮು ಅಗ್ಗವಾದಷ್ಟೂ ಕೂಪನ್ನಿನ ಕೈ ಸಣ್ಣದಾಗುತ್ತದೆ.

2025ರ ಮೇ 12ರಿಂದ ಅಮೆರಿಕದಲ್ಲಿ ಒಂದು ಒಳ್ಳೆಯ ಬದಲಾವಣೆ ಆಯಿತು. ಫೆಡರಲ್ ಟ್ರೇಡ್ ಕಮಿಷನ್ನಿನ ಹೊಸ ನಿಯಮದ ಪ್ರಕಾರ ಹೋಟೆಲ್‌ಗಳು ಇಂಥ ಕಡ್ಡಾಯ ಶುಲ್ಕಗಳನ್ನು ಸೇರಿಸಿಯೇ ಮೊದಲ ದರ ತೋರಿಸಬೇಕು. ಹಾಗಾಗಿ ಈಗ 39 ಅಂತ ಹೇಳಿ ಕೊನೆ ಪುಟದಲ್ಲಿ 95 ಮಾಡುವುದು ಮೊದಲಿನಷ್ಟು ಸುಲಭವಲ್ಲ. ಆದರೆ ಫೀ ಹೋಗಿಲ್ಲ, ಕಣ್ಣಿಗೆ ಕಾಣುವ ಜಾಗಕ್ಕೆ ಬಂದಿದೆ ಅಷ್ಟೆ. ಸರ್ಕಾರದ ಟ್ಯಾಕ್ಸನ್ನು ಮಾತ್ರ ಈಗಲೂ ಕೊನೆಯಲ್ಲಿ ಸೇರಿಸಬಹುದು. ಇಮೇಲ್‌ನಲ್ಲಿ ಬರುವ ಹಳೇ ಕೂಪನ್, ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಸ್ಕ್ರೀನ್‌ಶಾಟ್, ಇವನ್ನು ನಂಬಿ ಹೊರಡಬೇಡಿ. ಬುಕಿಂಗಿನ ಕೊನೆ ಪುಟದವರೆಗೂ ಹೋಗಿ, ಕಾರ್ಡ್ ನಂಬರ್ ಕೇಳುವ ಜಾಗದಲ್ಲಿ ನಿಂತು, ಅಲ್ಲಿರುವ ಮೊತ್ತ ಬರೆದುಕೊಳ್ಳಿ. ನಾನು ಹೋಲಿಸುವುದು ಆ ಒಂದು ಸಂಖ್ಯೆಯನ್ನು ಮಾತ್ರ. ಪಕ್ಕದಲ್ಲಿ ಪಾರ್ಕಿಂಗ್ ಎಷ್ಟು ಅಂತಲೂ ಬರೆಯುತ್ತೇನೆ. 2016ರಲ್ಲಿ ಎಂಜಿಎಂ ಬಳಗದ ಹೋಟೆಲ್‌ಗಳು ಪಾರ್ಕಿಂಗಿಗೆ ದುಡ್ಡು ತಗೊಳ್ಳಲು ಶುರು ಮಾಡಿದ ಮೇಲೆ ಸ್ಟ್ರಿಪ್‌ನಲ್ಲಿ ಬಹಳ ಕಡೆ ಅದೇ ರೂಢಿ ಆಯಿತು. ರೂಮು ತಗೊಂಡವರಿಗೂ ದಿನಕ್ಕೆ 20 ಡಾಲರ್ ಆಸುಪಾಸು ಬೀಳುವ ಜಾಗಗಳಿವೆ. ಕಾರಿನಲ್ಲಿ ಹೋಗುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ತಾರೀಖೇ ಎಲ್ಲಕ್ಕಿಂತ ದೊಡ್ಡ ಕೂಪನ್

ಇಷ್ಟು ವರ್ಷ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇದು: ವೇಗಸ್‌ನಲ್ಲಿ ಯಾವ ಕೋಡೂ ಮಾಡದ ಕೆಲಸವನ್ನು ತಾರೀಖು ಮಾಡುತ್ತದೆ. ಶುಕ್ರವಾರ, ಶನಿವಾರದ ರಾತ್ರಿಗಳನ್ನು ಬಿಟ್ಟುಬಿಡಿ. ಭಾನುವಾರ ಹೋಗಿ ಬುಧವಾರವೋ ಗುರುವಾರವೋ ಹೊರಡಿ. ಶನಿವಾರ ಮೂರ್ನಾಲ್ಕು ಪಟ್ಟು ಇರುವ ಅದೇ ರೂಮು, ಅದೇ ಹಾಸಿಗೆ, ಸೋಮವಾರ ಪುಟ್ಟ ದರಕ್ಕೆ ಇಳಿದಿರುತ್ತದೆ. ಲಾಸ್ ಏಂಜಲೀಸ್ ಕಡೆಯಿಂದ ಹೋಗುವವರಿಗೆ ಇನ್ನೊಂದು ಲಾಭ ಇದೆ. ಭಾನುವಾರ ಮಧ್ಯಾಹ್ನ ಐ-15 ಹೆದ್ದಾರಿಯಲ್ಲಿ ವಾರಾಂತ್ಯ ಮುಗಿಸಿದ ಕಾರುಗಳೆಲ್ಲ ಕ್ಯಾಲಿಫೋರ್ನಿಯಾ ಕಡೆ ತೆವಳುತ್ತಾ ಬರುತ್ತಿರುತ್ತವೆ. ನೀವು ಎದುರು ದಿಕ್ಕಿನಲ್ಲಿ ಆರಾಮಾಗಿ ಹೋಗುತ್ತೀರಿ.

ವಾರದ ದಿನ ಅಂದ ಮಾತ್ರಕ್ಕೆ ಅಗ್ಗ ಅಂತಲೂ ಅಲ್ಲ. ಆ ಊರು ನಡೆಯುವುದೇ ಸಮ್ಮೇಳನಗಳ ಮೇಲೆ. ಜನವರಿ ಮೊದಲ ಭಾಗದಲ್ಲಿ ಸಿಇಎಸ್ ಎಲೆಕ್ಟ್ರಾನಿಕ್ಸ್ ಮೇಳಕ್ಕೆ ಒಂದು ಲಕ್ಷಕ್ಕೂ ಜಾಸ್ತಿ ಜನ ಬರುತ್ತಾರೆ. ಏಪ್ರಿಲ್‌ನಲ್ಲಿ ಪ್ರಸಾರ ಉದ್ಯಮದವರ ಎನ್‌ಎಬಿ ಮೇಳ, ಮೇ ತಿಂಗಳಲ್ಲಿ ಇಡಿಸಿ ಸಂಗೀತ ಉತ್ಸವ, ನವೆಂಬರ್ ಶುರುವಿನಲ್ಲಿ ಕಾರು ಬಿಡಿಭಾಗಗಳ ಸೀಮಾ ಮೇಳ, 2023ರಿಂದ ನವೆಂಬರ್‌ನಲ್ಲೇ ಫಾರ್ಮುಲಾ ಒನ್ ರೇಸ್, ಡಿಸೆಂಬರ್ ಮೊದಲಲ್ಲಿ ರಾಷ್ಟ್ರೀಯ ರೋಡಿಯೊ, ಅಂದರೆ ಕುದುರೆ, ಗೂಳಿ ಸವಾರಿಯ ಸ್ಪರ್ಧೆ. ಈ ವಾರಗಳಲ್ಲಿ ಸಾಧಾರಣ ರೂಮೂ ಕೈಗೆಟುಕುವುದಿಲ್ಲ. ಊರಿನ ಪ್ರವಾಸೋದ್ಯಮ ಪ್ರಾಧಿಕಾರ ಎಲ್‌ವಿಸಿವಿಎ ತನ್ನ ಜಾಲತಾಣದಲ್ಲಿ ಸಮ್ಮೇಳನಗಳ ಕ್ಯಾಲೆಂಡರ್ ಹಾಕುತ್ತದೆ. ಯಾವುದಕ್ಕೆ ಎಷ್ಟು ಜನ ಅನ್ನುವ ಅಂದಾಜೂ ಅದರಲ್ಲಿ ಇರುತ್ತದೆ. ನಾನು ಮೊದಲು ತೆರೆಯುವುದು ಅದನ್ನೇ, ಹೋಟೆಲ್ ಪುಟವನ್ನಲ್ಲ.

ಅಗ್ಗದ ಕಾಲ ಯಾವುದು? ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಕೂಡಲೇ ಬರುವ ದಿನಗಳು, ಆಮೇಲೆ ರೋಡಿಯೊ ಮುಗಿದು ಕ್ರಿಸ್‌ಮಸ್ ಬರುವವರೆಗಿನ ಡಿಸೆಂಬರ್ ನಡುಭಾಗ. ಜುಲೈ ಆಗಸ್ಟ್‌ನಲ್ಲೂ ದರ ಇಳಿಯುತ್ತದೆ, ಆದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಬಳ್ಳಾರಿ, ರಾಯಚೂರಿನ ಬಿಸಿಲು ಕಂಡ ಹಿರಿಯರೂ ಆ ಒಣ ಶಾಖದಲ್ಲಿ ಬೇಗ ಸುಸ್ತಾಗುತ್ತಾರೆ, ಯಾಕೆಂದರೆ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಆ ಕಾಲದಲ್ಲಿ ಹೋಗಿ ನಾಲ್ಕು ಕಾಸು ಉಳಿಸಲು ನೋಡಬೇಡಿ.

ಕೂಪನ್ ಎಲ್ಲಿ ಸಿಗುತ್ತದೆ

ಒಂದು ಕಾಲದಲ್ಲಿ ಕ್ಯಾಸಿನೊಗಳು ಬಂದವರಿಗೆಲ್ಲ ಚೀಟಿಗಳ ಪುಟ್ಟ ಪುಸ್ತಕ ಹಂಚುತ್ತಿದ್ದವು. ಬಫೆ ಒಂದಕ್ಕೆ ಇನ್ನೊಂದು ಉಚಿತ, ನೀವು ಕಟ್ಟಿದ ಪಣಕ್ಕೆ ಅವರ ಕಡೆಯಿಂದಲೂ ಅಷ್ಟೇ ಪಣ, ಹೀಗೆ. ಹೆದ್ದಾರಿ ಪಕ್ಕದ ಸ್ವಾಗತ ಕೇಂದ್ರಗಳಲ್ಲಿ ಹೋಟೆಲ್ ಕೂಪನ್ನಿನ ಪತ್ರಿಕೆಗಳು ರಾಶಿ ಬಿದ್ದಿರುತ್ತಿದ್ದವು. ಕಾಗದದ ಕೂಪನ್ ಇನ್ನೂ ಪೂರ್ತಿ ಮಾಯವಾಗಿಲ್ಲ. ಸ್ಟ್ರಿಪ್‌ನ ಸ್ಟ್ಯಾಂಡುಗಳಲ್ಲಿ ಸಿಗುವ ಪ್ರವಾಸಿ ಪತ್ರಿಕೆಗಳಲ್ಲಿ ಊಟಕ್ಕೆ, ಶೋಗೆ ಚೀಟಿಗಳು ಇರುತ್ತವೆ. ಆದರೆ ರೂಮಿನ ರಿಯಾಯಿತಿ ಈಗ ಬಹುಮಟ್ಟಿಗೆ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು ಹೋಟೆಲ್ಲಿನದೇ ಆಫರ್ ಪುಟ. ಪ್ರತಿ ಹೋಟೆಲ್ಲಿನ ಜಾಲತಾಣದಲ್ಲೂ ಅಂಥದ್ದೊಂದು ಇರುತ್ತದೆ. ಮೂರು ರಾತ್ರಿ ಉಳಿದರೆ ಇಷ್ಟು ಕಡಿತ, ವಾರದ ದಿನ ಉಳಿದರೆ ಊಟಕ್ಕೆ ಇಷ್ಟು ಕ್ರೆಡಿಟ್, ಹೀಗೆ. ಊಟದ ಕ್ರೆಡಿಟ್ ನೋಡಿ ಮರುಳಾಗುವ ಮೊದಲು ಅದು ಯಾವ ರೆಸ್ಟೋರೆಂಟಿನಲ್ಲಿ ನಡೆಯುತ್ತದೆ, ಅಲ್ಲಿ ಸಸ್ಯಾಹಾರಿಗಳಿಗೆ ಏನಿದೆ ಅಂತ ನೋಡಿ. ಸ್ಟೇಕ್ ಹೌಸ್‌ನ 50 ಡಾಲರ್ ಕ್ರೆಡಿಟ್ ನಮ್ಮ ಅತ್ತೆಗೆ ಏನು ಪ್ರಯೋಜನ?

ಎರಡನೆಯದು ಸದಸ್ಯತ್ವದ ರಿಯಾಯಿತಿ. ಕಾರು ಇರುವವರ ಸಂಘ ಎಎಎಯ ಕಾರ್ಡ್ ಇದ್ದರೆ ಅದರ ದರ ನೋಡಿ. ಸಗಟು ಅಂಗಡಿ ಕಾಸ್ಟ್‌ಕೊದ ಸದಸ್ಯರಾಗಿದ್ದರೆ ಕಾಸ್ಟ್‌ಕೊ ಟ್ರಾವೆಲ್‌ನಲ್ಲಿ ಹುಡುಕಿ, ಕೆಲವು ಪ್ಯಾಕೇಜುಗಳಲ್ಲಿ ರೆಸಾರ್ಟ್ ಫೀ ಸೇರಿಯೇ ಇರುತ್ತದೆ. ನಿಮ್ಮ ಕಂಪನಿಯ ಉದ್ಯೋಗಿ ರಿಯಾಯಿತಿ ಪುಟದಲ್ಲೂ ಒಮ್ಮೆ ಕಣ್ಣಾಡಿಸಿ. ಐಟಿ ಕಂಪನಿಗಳಲ್ಲಿ ಇರುವವರು ಇದನ್ನು ಮರೆತೇ ಬಿಡುತ್ತಾರೆ.

ಮೂರನೆಯದು ಹೆಸರು ಮುಚ್ಚಿಟ್ಟು ಮಾರುವ ದರ. ಪ್ರೈಸ್‌ಲೈನ್, ಹಾಟ್‌ವೈರ್ ಥರದ ಜಾಗಗಳಲ್ಲಿ ಹೋಟೆಲ್ಲಿನ ಹೆಸರು ತೋರಿಸದೆ ಪ್ರದೇಶ, ನಕ್ಷತ್ರ, ದರ ಅಷ್ಟನ್ನೇ ತೋರಿಸುತ್ತಾರೆ. ದುಡ್ಡು ಕಟ್ಟಿದ ಮೇಲೆ ಹೆಸರು. ನಿಜಕ್ಕೂ ಅಗ್ಗ ಸಿಗುತ್ತದೆ. ಆದರೆ ವಾಪಸ್ ಆಗುವುದಿಲ್ಲ, ತಾರೀಖು ಬದಲಿಸಲು ಆಗುವುದಿಲ್ಲ. ಇಬ್ಬರೇ ಹೋಗುವಾಗ ಸರಿ. ಊರಿಂದ ಬಂದ ಹಿರಿಯರನ್ನು ಕರೆದುಕೊಂಡು ಹೋಗುವಾಗ ಬೇಡ. ಹೊರಡುವ ಹಿಂದಿನ ದಿನ ಒಬ್ಬರಿಗೆ ಜ್ವರ ಬಂತು ಅಂದರೆ ದುಡ್ಡು ಹೋದ ಹಾಗೆ.

ಕೋಡ್ ಹಂಚುವ ಜಾಲತಾಣಗಳ ಬಗ್ಗೆ ಒಂದೇ ಮಾತು. ಅಲ್ಲಿರುವ ಎಷ್ಟೋ ಕೋಡುಗಳು ಸತ್ತುಹೋಗಿರುತ್ತವೆ, ಇನ್ನು ಕೆಲವು ಒಬ್ಬರ ಹೆಸರಿಗೆ ಕೊಟ್ಟದ್ದಾಗಿರುತ್ತವೆ. ಅಂಥ ಕೋಡಿನಲ್ಲಿ ಬುಕ್ ಮಾಡಿದರೆ ಚೆಕ್-ಇನ್ ಹೊತ್ತಿಗೆ ಹೆಸರು ತಾಳೆಯಾಗದೆ ಪೂರ್ತಿ ದರ ಕೇಳಬಹುದು. ಹೋಟೆಲ್ ಹೆಸರನ್ನೇ ಹೋಲುವ ವಿಳಾಸ ಇಟ್ಟುಕೊಂಡು, ಫೋನಿನಲ್ಲಿ ಹೋಟೆಲ್ಲಿನವರ ಹಾಗೇ ಮಾತಾಡಿ ಬುಕ್ ಮಾಡಿಸುವ ಮಧ್ಯವರ್ತಿಗಳೂ ಇದ್ದಾರೆ. ಹುಡುಕಾಟದಲ್ಲಿ ಮೊದಲು ಬರುವ ಜಾಹೀರಾತಿನ ಕೊಂಡಿ ಒತ್ತುವ ಮೊದಲು ವಿಳಾಸವನ್ನು ಪೂರ್ತಿ ಓದಿ.

ಆಡದಿದ್ದರೂ ಕಾರ್ಡ್ ಮಾಡಿಸಿ

ಇದು ಹೊಸಬರಿಗೆ ವಿಚಿತ್ರ ಅನಿಸಬಹುದು. ಪ್ಲೇಯರ್ಸ್ ಕಾರ್ಡ್ ಅನ್ನುವುದು ಕ್ಯಾಸಿನೊದವರು ಕೊಡುವ ಸದಸ್ಯತ್ವ. 21 ತುಂಬಿದವರಿಗೆ ಉಚಿತ, ಗುರುತಿನ ಚೀಟಿ ತೋರಿಸಿದರೆ ಸಾಕು. ಒಂದು ಪೈಸೆ ಆಡಬೇಕಾಗಿಲ್ಲ. ಸ್ಟ್ರಿಪ್‌ನ ಬಹುಪಾಲು ದೊಡ್ಡ ಹೋಟೆಲ್‌ಗಳು ಎರಡು ಬಳಗಕ್ಕೆ ಸೇರಿವೆ. ಬೆಲಾಜಿಯೊ, ಆರಿಯಾ, ಎಂಜಿಎಂ ಗ್ರ್ಯಾಂಡ್, ಮಂಡಲೇ ಬೇ, ಲಕ್ಸರ್, ಎಕ್ಸ್‌ಕ್ಯಾಲಿಬರ್, ಪಾರ್ಕ್ ಎಂಜಿಎಂ ಇವೆಲ್ಲ ಎಂಜಿಎಂ ರಿವಾರ್ಡ್ಸ್ ಕಡೆ. ಸೀಸರ್ಸ್ ಪ್ಯಾಲೇಸ್, ಫ್ಲಮಿಂಗೊ, ಹ್ಯಾರಾಸ್, ಲಿಂಕ್, ಪ್ಯಾರಿಸ್, ಹಾರ್ಸ್‌ಶೂ, ಪ್ಲಾನೆಟ್ ಹಾಲಿವುಡ್ ಇವೆಲ್ಲ ಸೀಸರ್ಸ್ ರಿವಾರ್ಡ್ಸ್ ಕಡೆ. ಎರಡಕ್ಕೂ ಸೇರಿಕೊಳ್ಳಿ. ಸದಸ್ಯರ ದರ ಕೂಡಲೇ ಕಾಣುತ್ತದೆ. ಲಾಗಿನ್ ಮಾಡದೆ ಒಮ್ಮೆ, ಮಾಡಿ ಒಮ್ಮೆ ಅದೇ ತಾರೀಖು ನೋಡಿ. ವ್ಯತ್ಯಾಸ ಎದುರಿಗೇ ಇರುತ್ತದೆ. ಆಮೇಲೆ ಇಮೇಲ್‌ಗೆ ನಿಮ್ಮ ಹೆಸರಿನ ಆಫರ್‌ಗಳು ಬರತೊಡಗುತ್ತವೆ. ಅದಕ್ಕೆ ಅಂತಲೇ ಬೇರೆ ಇಮೇಲ್ ಇಟ್ಟುಕೊಳ್ಳುವುದು ಒಳ್ಳೆಯದು.

ಇಬ್ಬರಿಗೂ, ಅಂದರೆ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಖಾತೆ ತೆರೆಯಿರಿ. ಒಬ್ಬರಿಗೆ ಬಂದ ಆಫರ್ ಇನ್ನೊಬ್ಬರಿಗೆ ಬಂದಿರುವುದಿಲ್ಲ. ನಮ್ಮ ಮನೆಯಲ್ಲಿ ನನಗಿಂತ ನನ್ನ ಗಂಡನಿಗೆ ಒಳ್ಳೆಯ ದರ ಬರುತ್ತದೆ, ಯಾಕೆ ಅಂತ ದೇವರಿಗೇ ಗೊತ್ತು. ಯಾರ ಹೆಸರಿನಲ್ಲಿ ಬುಕ್ ಆಗಿದೆಯೋ ಅವರೇ ಚೆಕ್-ಇನ್‌ಗೆ ನಿಲ್ಲಬೇಕು ಅನ್ನುವುದು ನೆನಪಿರಲಿ.

ಇನ್ನೂ ಒಂದು ಮೆಟ್ಟಿಲು ಇದೆ. ಈ ಬಳಗಗಳಲ್ಲಿ ದರ್ಜೆಗಳಿವೆ. ಎಂಜಿಎಂನಲ್ಲಿ ಪರ್ಲ್ ದರ್ಜೆ ಇದ್ದರೆ ಸೆಲ್ಫ್ ಪಾರ್ಕಿಂಗ್ ಉಚಿತ, ಗೋಲ್ಡ್ ಇದ್ದರೆ ರೆಸಾರ್ಟ್ ಫೀ ಇಲ್ಲ. ಸೀಸರ್ಸ್‌ನಲ್ಲಿ ಡೈಮಂಡ್ ಇದ್ದರೆ ರೆಸಾರ್ಟ್ ಫೀ ಇಲ್ಲ. ಮೇಲಿನ ದರ್ಜೆಗಳಿಗೆ ಆಟದಿಂದ ಏರುವುದು ನಮ್ಮ ದಾರಿಯಲ್ಲ. ಆದರೆ ಬೇರೆ ಹೋಟೆಲ್ ಬಳಗದ ದರ್ಜೆಯನ್ನು ಇಲ್ಲಿಗೆ ಹೊಂದಿಸಿಕೊಡುವ ಒಪ್ಪಂದಗಳಿವೆ. ವಿಂಡಮ್ ರಿವಾರ್ಡ್ಸ್‌ಗೂ ಸೀಸರ್ಸ್‌ಗೂ ಅಂಥದ್ದಿದೆ, ಮ್ಯಾರಿಯಟ್‌ಗೂ ಎಂಜಿಎಂಗೂ 2024ರಿಂದ ನಂಟಿದೆ. ಕೆಲಸದ ಮೇಲೆ ಊರೂರು ತಿರುಗುವವರು ಮನೆಯಲ್ಲಿದ್ದರೆ ಅವರ ದರ್ಜೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಷರತ್ತುಗಳು ಆಗಾಗ ಬದಲಾಗುತ್ತವೆ, ಬುಕ್ ಮಾಡುವ ವಾರದಲ್ಲೇ ಓದಿಕೊಳ್ಳಿ. ವರ್ಷದ ಶುಲ್ಕ ಇಲ್ಲದ ಎಂಜಿಎಂ ಕ್ರೆಡಿಟ್ ಕಾರ್ಡ್ ತಗೊಂಡವರಿಗೆ ಪರ್ಲ್ ದರ್ಜೆ ಸಿಗುತ್ತದೆ, ಪಾರ್ಕಿಂಗ್ ಖರ್ಚು ಅಲ್ಲಿಗೆ ಮುಗಿಯಿತು. ಹಿಲ್ಟನ್ ಪಾಯಿಂಟ್ ಕೂಡಿಟ್ಟವರು ಸ್ಟ್ರಿಪ್‌ನ ಉತ್ತರದ ರೆಸಾರ್ಟ್ಸ್ ವರ್ಲ್ಡ್ ಹೋಟೆಲ್‌ನಲ್ಲಿ ನೋಡಿ. ಪೂರ್ತಿ ಪಾಯಿಂಟ್‌ನಲ್ಲೇ ರೂಮು ತಗೊಂಡರೆ ಹಿಲ್ಟನ್ ರೆಸಾರ್ಟ್ ಫೀ ಹಾಕುವುದಿಲ್ಲ. ನನ್ನ ಕಣ್ಣಿಗೆ ಇದು ಯಾವ ಕೂಪನ್ನಿಗಿಂತಲೂ ದೊಡ್ಡದು.

ಒಂದು ಎಚ್ಚರಿಕೆ: ಈ ದರ್ಜೆಯ ಲಾಭಗಳು ಸಾಮಾನ್ಯವಾಗಿ ಹೋಟೆಲ್ಲಿನಲ್ಲೇ ನೇರವಾಗಿ ಬುಕ್ ಮಾಡಿದರೆ ಮಾತ್ರ. ಎಕ್ಸ್‌ಪೀಡಿಯಾ, ಪ್ರೈಸ್‌ಲೈನ್ ಮೂಲಕ ಹೋದರೆ ಸಿಗುವ ಭರವಸೆ ಇಲ್ಲ.

ನೇರ ಬುಕಿಂಗಿಗೆ ಮತ್ತೊಂದು ಕಾರಣ ಇದೆ. ವೇಗಸ್‌ನಲ್ಲಿ ಬುಕ್ ಮಾಡಿದಾಗ ಒಂದು ರಾತ್ರಿಯ ದುಡ್ಡನ್ನು ಮುಂಗಡವಾಗಿ ಹಿಡಿಯುತ್ತಾರೆ, ಆದರೆ ಸಾಮಾನ್ಯವಾಗಿ 48ರಿಂದ 72 ಗಂಟೆ ಮೊದಲು ರದ್ದು ಮಾಡಿದರೆ ವಾಪಸ್ ಬರುತ್ತದೆ. ಅಂದರೆ ಇವತ್ತು ಸಿಕ್ಕಿದ ದರಕ್ಕೆ ಹಿಡಿದಿಟ್ಟು, ವಾರಕ್ಕೊಮ್ಮೆ ಅದೇ ತಾರೀಖನ್ನು ಮತ್ತೆ ನೋಡಬಹುದು. ಇಳಿದಿದ್ದರೆ ಹೊಸದನ್ನು ಮೊದಲು ಬುಕ್ ಮಾಡಿ, ಆಮೇಲೆ ಹಳೆಯದನ್ನು ರದ್ದು ಮಾಡಿ. ಈ ಕ್ರಮ ಹಿಂದೆ ಮುಂದೆ ಮಾಡಬೇಡಿ. ನಾನು ಭಾನುವಾರ ರಾತ್ರಿ ಪಾತ್ರೆ ತೊಳೆದಾದ ಮೇಲೆ ಐದು ನಿಮಿಷ ಇದಕ್ಕೆ ಇಡುತ್ತೇನೆ.

ಉಚಿತ ರೂಮು ಅಂದರೆ

"ಇಷ್ಟು ಚೆನ್ನಾಗಿರೋ ರೂಮನ್ನ ಇಷ್ಟು ಕಮ್ಮಿಗೆ ಯಾಕೆ ಕೊಡ್ತಾರೆ ಕಣಮ್ಮಾ?" ಅಂತ ನಮ್ಮ ಮಾವ ಕೇಳಿದರು. ಅವರು ಬ್ಯಾಂಕಿನಲ್ಲಿ ಇದ್ದವರು, ಯಾರೂ ಸುಮ್ನೆ ಏನೂ ಕೊಡುವುದಿಲ್ಲ ಅಂತ ಗೊತ್ತು. "ಲಿಫ್ಟ್‌ನಿಂದ ಬಾಗಿಲಿಗೆ ಹೋಗೋ ದಾರಿ ನೋಡಿ ಮಾವ, ಗೊತ್ತಾಗುತ್ತೆ" ಅಂದೆ. ಎಷ್ಟೋ ಹೋಟೆಲ್‌ಗಳಲ್ಲಿ ರೂಮಿಂದ ಇಳಿದು ಹೊರಗೆ ಹೋಗಬೇಕಾದರೆ ಆಟದ ಯಂತ್ರಗಳ ನಡುವೆಯೇ ಹಾಯಬೇಕು. ಕಾಫಿಗೆ ಹೋದರೂ ಅದೇ ದಾರಿ, ಊಟಕ್ಕೆ ಹೋದರೂ ಅದೇ ದಾರಿ.

ಆಡುವವರಿಗೆ ಎರಡು ರಾತ್ರಿ ಉಚಿತ, ಮೂರು ರಾತ್ರಿ ಉಚಿತ ಅಂತ ಆಫರ್ ಬರುವುದು ಸುಳ್ಳಲ್ಲ. ಆ ಲೆಕ್ಕ ಹೇಗೆ ನಡೆಯುತ್ತದೆ ಅಂದರೆ, ನೀವು ಎಷ್ಟು ಸೋತಿರಿ ಅನ್ನುವುದಕ್ಕಿಂತ ಎಷ್ಟು ಸೋಲಬೇಕಿತ್ತು ಅಂತ ಅವರು ನೋಡುತ್ತಾರೆ. ಬ್ಲ್ಯಾಕ್‌ಜ್ಯಾಕ್ ಅನ್ನುವ ಇಸ್ಪೀಟಾಟದ ಮೇಜಿನಲ್ಲಿ ಒಂದು ಕೈಗೆ 15 ಡಾಲರ್, ಗಂಟೆಗೆ 70 ಕೈ, ನಾಲ್ಕು ಗಂಟೆ. ಒಟ್ಟು ಹೂಡಿದ್ದು 4,200 ಡಾಲರ್. ಮೊದಲ ಎರಡು ಎಲೆಯಲ್ಲೇ 21 ಬಂದರೆ 6:5ರ ಲೆಕ್ಕದಲ್ಲಿ ಕೊಡುವ ಮೇಜಾದರೆ, ಚೆನ್ನಾಗಿ ಆಡುವವರಿಂದಲೂ ಕ್ಯಾಸಿನೊಗೆ ಸಿಗುವ ಪಾಲು ಸುಮಾರು ಶೇಕಡಾ 2. ಅಂದರೆ 84 ಡಾಲರ್ ಸೋಲು ಅಂತ ಅವರ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅದರಲ್ಲಿ ಒಂದು ಪಾಲನ್ನು ರೂಮು, ಊಟದ ರೂಪದಲ್ಲಿ ನಿಮಗೆ ವಾಪಸ್ ಕೊಡುತ್ತಾರೆ. ಸಣ್ಣ ಪಣದ ಯಂತ್ರಗಳು ಇನ್ನೂ ದುಬಾರಿ. ಸ್ಟ್ರಿಪ್‌ನಲ್ಲಿ ಒಂದು ಸೆಂಟಿನ ಯಂತ್ರ ಅಂತ ಹೆಸರಿದ್ದದ್ದು ಹಾಕಿದ ದುಡ್ಡಿನಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ಇಟ್ಟುಕೊಳ್ಳುತ್ತದೆ. ಒಂದು ಸಲ ಒತ್ತಿದರೆ 50 ಸೆಂಟ್, ಗಂಟೆಗೆ 500 ಸಲ. 250 ಡಾಲರ್ ಓಡಾಡಿತು, 25ಕ್ಕೂ ಜಾಸ್ತಿ ಹೋಯಿತು.

ಆದ್ದರಿಂದ ಉಚಿತ ರೂಮು ಬರಲಿ ಅಂತ ಆಡುವುದಿದೆಯಲ್ಲ, ಅದನ್ನು ಮಾತ್ರ ಮಾಡಬೇಡಿ. ಸೋಲಿನ ಒಂದು ಪಾಲಷ್ಟೇ ವಾಪಸ್ ಬರುವುದರಿಂದ, ರೂಮಿಗೆ ನೇರವಾಗಿ 90 ಡಾಲರ್ ಕೊಡುವುದು ಅದಕ್ಕಿಂತ ಎಷ್ಟೋ ಅಗ್ಗ. ಸೇರಿದ್ದಕ್ಕೆ ಉಡುಗೊರೆಯಾಗಿ ಬರುವ ಫ್ರೀ ಪ್ಲೇ ದುಡ್ಡು ಕೂಡ ನೇರ ಕೈಗೆ ಬರುವುದಿಲ್ಲ, ಒಮ್ಮೆ ಯಂತ್ರದಲ್ಲಿ ಆಡಿಯೇ ಆಗಬೇಕು. ನಮ್ಮವರಲ್ಲೂ ಇದರಿಂದ ನೊಂದ ಕುಟುಂಬಗಳಿವೆ. ಮನೆಯಲ್ಲಿ ಯಾರಿಗಾದರೂ ಬಿಡಲು ಆಗುತ್ತಿಲ್ಲ ಅನಿಸಿದರೆ ಅಮೆರಿಕದಲ್ಲಿ ಜೂಜಿನ ಚಟದ ಸಹಾಯವಾಣಿ 1-800-426-2537ಕ್ಕೆ ಫೋನ್ ಮಾಡಬಹುದು.

ಇನ್ನೊಂದು ಉಚಿತ ಇದೆ. ರಸ್ತೆಯಲ್ಲಿ, ಹೋಟೆಲ್ ಲಾಬಿಯಲ್ಲಿ ನಗುತ್ತಾ ಕರೆದು "ಶೋ ಟಿಕೆಟ್ ಬೇಕಾ, ಮೂರು ರಾತ್ರಿಗೆ 99 ಡಾಲರ್ ಸಾಕಾ" ಅನ್ನುವವರು. ಇದು ಟೈಮ್‌ಶೇರ್, ಅಂದರೆ ವರ್ಷಕ್ಕೆ ಕೆಲವು ದಿನ ಒಂದು ರೆಸಾರ್ಟಿನಲ್ಲಿ ಉಳಿಯುವ ಹಕ್ಕನ್ನು ಮಾರುವವರು, ಅವರ ಮಾರಾಟದ ಮಾತು ಕೂತು ಕೇಳಿದರೆ ಮಾತ್ರ ಆ ಉಚಿತ. ಗಂಡ ಹೆಂಡತಿ ಇಬ್ಬರೂ ಕೂರಬೇಕು, ಆದಾಯ ಇಷ್ಟಿರಬೇಕು ಅಂತ ಷರತ್ತು ಇರುತ್ತದೆ. ಎರಡು ಗಂಟೆ ಅಂತ ಹೇಳಿ ಅದಕ್ಕೂ ಜಾಸ್ತಿ ಕೂರಿಸುತ್ತಾರೆ. ಹೋಗದಿದ್ದರೆ ರೂಮಿನ ಪೂರ್ತಿ ದರ ಹಾಕುತ್ತಾರೆ. ಬೇಡ ಅಂತ ಹತ್ತು ಸಲ ಗಟ್ಟಿಯಾಗಿ ಹೇಳುವ ಸ್ವಭಾವ ಇದ್ದವರಿಗೆ ಇದು ನಿಜಕ್ಕೂ ಅಗ್ಗ. ಮುಜುಗರಕ್ಕೆ ಸಹಿ ಹಾಕುವವರು ಆ ಕಡೆ ನೋಡಲೇಬೇಡಿ.

ಹಿರಿಯರಿದ್ದರೆ ಎಲ್ಲಿ

ಅಗ್ಗದ ಹೋಟೆಲ್ ಸ್ಟ್ರಿಪ್‌ನ ಒಂದು ಕೊನೆಯಲ್ಲಿದ್ದರೆ ಟ್ಯಾಕ್ಸಿಗೆ ದುಡ್ಡು ಹೋಗುತ್ತದೆ. ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುವ ಹೋಟೆಲ್‌ಗೆ ಹೋಗಲು ಅರ್ಧ ಗಂಟೆ ನಡೆಯಬೇಕಾದ ಊರದು. ದಕ್ಷಿಣದ ಲಕ್ಸರ್, ಎಕ್ಸ್‌ಕ್ಯಾಲಿಬರ್ ಅಗ್ಗ, ಅಲ್ಲಿಂದ ಮಂಡಲೇ ಬೇಗೆ ಉಚಿತ ಟ್ರಾಮ್ ಇದೆ. ಲಕ್ಸರ್ ಪಿರಮಿಡ್ ಆಕಾರದ್ದು, ಅದರೊಳಗಿನ ಲಿಫ್ಟು ಗೋಡೆಯ ಜೊತೆ ಓರೆಯಾಗಿ ಏರುತ್ತದೆ. ಮಕ್ಕಳಿಗೆ ಅದೇ ಒಂದು ಆಟ. ಸ್ಟ್ರಿಪ್ ಉದ್ದಕ್ಕೂ, ಹಳೇ ಪೇಟೆ ಫ್ರೀಮಾಂಟ್ ಬೀದಿಯವರೆಗೂ ಡ್ಯೂಸ್ ಅನ್ನುವ ಡಬಲ್ ಡೆಕ್ಕರ್ ಬಸ್ ಹಗಲೂ ರಾತ್ರಿ ಓಡುತ್ತದೆ, 24 ಗಂಟೆಯ ಪಾಸ್ ತಗೊಂಡರೆ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು.

ಸಿಗರೇಟು ಹೊಗೆ ಆಗದವರಿದ್ದರೆ ಪಾರ್ಕ್ ಎಂಜಿಎಂ ನೋಡಿ, ಅಲ್ಲಿ ಕ್ಯಾಸಿನೊದಲ್ಲೂ ಸೇದುವಂತಿಲ್ಲ. ವಿಡಾರಾದಲ್ಲಿ ಕ್ಯಾಸಿನೊವೇ ಇಲ್ಲ. ಎರಡೂ ಸ್ವಲ್ಪ ದುಬಾರಿ, ಆದರೆ ಅಸ್ತಮಾ ಇರುವವರಿಗೆ ಆ ದುಡ್ಡು ದಂಡವಲ್ಲ.

ಕಾರಿದ್ದವರು ಸ್ಟ್ರಿಪ್ ಬಿಟ್ಟು ಆಚೆ ನೋಡಿ. ಆರ್ಲಿಯನ್ಸ್, ಸೌತ್ ಪಾಯಿಂಟ್ ಥರದವು ಊರಿನವರೇ ಹೋಗುವ ಕ್ಯಾಸಿನೊಗಳು. ಪಾರ್ಕಿಂಗ್ ಉಚಿತ, ರೂಮುಗಳು ದೊಡ್ಡವು. ಜಯನ್ ರಾಷ್ಟ್ರೀಯ ಉದ್ಯಾನ ನೋಡಲು ಹೋಗುವವರು ವೇಗಸ್‌ನಲ್ಲೇ ಉಳಿಯಬೇಕು ಅಂತಿಲ್ಲ. ಅದೇ ಐ-15ರಲ್ಲಿ ಸುಮಾರು 80 ಮೈಲಿ ಮುಂದೆ ಮೆಸ್ಕೀಟ್ ಅನ್ನುವ ಪುಟ್ಟ ಊರಿದೆ. ಅಲ್ಲೂ ಕ್ಯಾಸಿನೊ ಹೋಟೆಲ್‌ಗಳು, ದರ ಕಮ್ಮಿ, ಬೆಳಗ್ಗೆ ಜಯನ್‌ಗೆ ಅರ್ಧ ದಾರಿ ಮುಗಿದಿರುತ್ತದೆ. ದಕ್ಷಿಣಕ್ಕೆ ಸುಮಾರು 95 ಮೈಲಿ ಹೋದರೆ ಕೊಲರಾಡೊ ನದಿ ದಂಡೆಯ ಲಾಫ್ಲಿನ್. ವಾರದ ದಿನಗಳಲ್ಲಿ ಅಲ್ಲಿನ ದರ ನೋಡಿ, ವೇಗಸ್ ಮರೆತೇ ಹೋಗುತ್ತದೆ. ನದಿ ದಂಡೆಯಲ್ಲಿ ಸಂಜೆ ನಡೆದಾಡಬಹುದು. ನಮ್ಮ ಅತ್ತೆ ಮಾವನಿಗೆ ಸ್ಟ್ರಿಪ್‌ಗಿಂತ ಲಾಫ್ಲಿನ್ ಇಷ್ಟವಾಯಿತು.

ಉಚಿತವಾಗಿ ನೋಡುವುದು ಬೇಕಾದಷ್ಟಿದೆ. ಬೆಲಾಜಿಯೊ ಕಾರಂಜಿ, ಅದರೊಳಗಿನ ಹೂದೋಟ, ಫ್ರೀಮಾಂಟ್ ಬೀದಿಯ ಚಾವಣಿ ದೀಪಗಳು, ಹೊರಗಿನಿಂದಲೇ ನೋಡಬಹುದಾದ ಸ್ಫಿಯರ್ ಅನ್ನುವ ದೊಡ್ಡ ದೀಪದ ಗೋಳ. ಮಿರಾಜ್ ಹೋಟೆಲ್ ಮುಂದಿನ ಜ್ವಾಲಾಮುಖಿ ತೋರಿಸುತ್ತೇವೆ ಅಂತ ಮಾತು ಕೊಡಬೇಡಿ, ಆ ಹೋಟೆಲ್ 2024ರ ಜುಲೈನಲ್ಲಿ ಮುಚ್ಚಿತು.

ರೂಮಿಗೆ ಕಾಲಿಟ್ಟ ಮೇಲೆ

ಹೆಚ್ಚಿನ ಕ್ಯಾಸಿನೊ ಹೋಟೆಲ್‌ಗಳು 21 ತುಂಬಿದವರಿಗೆ ಮಾತ್ರ ರೂಮು ಕೊಡುತ್ತವೆ. ಕಾಲೇಜು ಮಕ್ಕಳು ತಾವೇ ಬುಕ್ ಮಾಡಿಕೊಂಡು ಹೋದರೆ ಕೌಂಟರಿನಲ್ಲಿ ತೊಂದರೆ. ಮಕ್ಕಳನ್ನು ಕರೆದುಕೊಂಡು ಆಟದ ಜಾಗ ದಾಟಿ ಹೋಗಬಹುದು, ಅಲ್ಲಿ ನಿಲ್ಲುವಂತಿಲ್ಲ. ಚೆಕ್-ಇನ್ ಹೊತ್ತಿಗೆ ಕಾರ್ಡಿನ ಮೇಲೆ ಠೇವಣಿ ಹಿಡಿಯುತ್ತಾರೆ, ರಾತ್ರಿಗೆ 50ರಿಂದ 150 ಡಾಲರ್‌ವರೆಗೂ ಆಗಬಹುದು. ಡೆಬಿಟ್ ಕಾರ್ಡ್ ಕೊಟ್ಟರೆ ಅಷ್ಟು ದುಡ್ಡು ನಿಮ್ಮ ಖಾತೆಯಲ್ಲಿ ದಿನಗಟ್ಟಲೆ ಸಿಕ್ಕಿಕೊಂಡಿರುತ್ತದೆ. ಕ್ರೆಡಿಟ್ ಕಾರ್ಡೇ ಕೊಡಿ.

ಸ್ಟ್ರಿಪ್‌ನ ಬಹಳಷ್ಟು ರೂಮುಗಳಲ್ಲಿ ಕಾಫಿ ಮಾಡಿಕೊಳ್ಳುವ ಯಂತ್ರವಾಗಲಿ ಮೈಕ್ರೋವೇವ್ ಆಗಲಿ ಇರುವುದಿಲ್ಲ. ನೀವು ಕೆಳಗೆ ಇಳಿದು ಬರಲಿ ಅಂತಲೇ. ಒಂದು ಕಪ್ ಕಾಫಿಗೆ ಏಳೆಂಟು ಡಾಲರ್ ಕೊಟ್ಟರೆ ಕೂಪನ್ನಿನಲ್ಲಿ ಉಳಿಸಿದ್ದು ಅಲ್ಲೇ ಕರಗಿತು. ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಸಿಕೊಂಡು ಬಂದರೆ ಇನ್‌ಸ್ಟಂಟ್ ಕಾಫಿ ಆಗುತ್ತದೆ. ಗೊಜ್ಜವಲಕ್ಕಿ, ಚಟ್ನಿಪುಡಿ, ಮೆಂತ್ಯದ ಚಪಾತಿ, ಐಸ್ ಪೆಟ್ಟಿಗೆಯಲ್ಲಿ ಮೊಸರು ಇದ್ದರೆ ಎರಡು ದಿನ ಕಳೆಯುವುದು ಕಷ್ಟವಲ್ಲ.

ಆದರೆ ಆ ಮೊಸರನ್ನು ರೂಮಿನ ಫ್ರಿಜ್ಜಿನಲ್ಲಿ ಇಡುವ ಮೊದಲು ನೋಡಿ. ಒಂದು ಹೋಟೆಲ್‌ನಲ್ಲಿ ನಮ್ಮ ಅತ್ತೆ ಮೊಸರಿನ ಡಬ್ಬಿಗೆ ಜಾಗ ಮಾಡಲು ಮಿನಿಬಾರಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ಸೆರಗಿನಲ್ಲಿ ಒರೆಸಿ, ಮೇಜಿನ ಮೇಲೆ ನೀಟಾಗಿ ಜೋಡಿಸಿಟ್ಟರು. ಆ ಟ್ರೇಯ ಕೆಳಗೆ ಸೆನ್ಸರ್ ಇರುತ್ತದೆ. ಬಾಟಲಿ ಎತ್ತಿ ಒಂದು ನಿಮಿಷದೊಳಗೆ ವಾಪಸ್ ಇಡದಿದ್ದರೆ ಕುಡಿದ ಲೆಕ್ಕಕ್ಕೆ ಬೀಳುತ್ತದೆ. ಮರುದಿನ ಟಿವಿಯಲ್ಲಿ ಬಿಲ್ ತೆರೆದರೆ ವೋಡ್ಕಾ, ವಿಸ್ಕಿ, ಬಿಯರ್ ಎಲ್ಲವೂ ನಮ್ಮ ಹೆಸರಲ್ಲಿ. ಕೆಳಗೆ ಹೋಗಿ, ಒಂದೂ ಬಾಟಲಿ ತೆರೆದಿಲ್ಲ, ಬೇಕಾದರೆ ಬಂದು ನೋಡಿ ಅಂದೆವು. ಕೌಂಟರಿನ ಹುಡುಗಿ ಒಂದು ಮಾತೂ ಆಡದೆ ತೆಗೆದುಹಾಕಿದಳು. ಔಷಧಿ ಇಡಲು ಫ್ರಿಜ್ ಬೇಕು ಅಂತ ಮೊದಲೇ ಕೇಳಿದರೆ ಖಾಲಿ ಫ್ರಿಜ್ ಕೊಡುವ ಕಡೆಗಳೂ ಇವೆ. ಇನ್ಸುಲಿನ್ ತಗೊಳ್ಳುವವರು ಇದನ್ನು ಬುಕಿಂಗ್ ಹೊತ್ತಿಗೇ ಫೋನ್ ಮಾಡಿ ಹೇಳಿಡಿ.

ಹೊರಡುವ ಹಿಂದಿನ ರಾತ್ರಿ ಬಿಲ್ ಪೂರ್ತಿ ಓದಿ. ಆಫರ್‌ನಲ್ಲಿ ಹೇಳಿದ ಊಟದ ಕ್ರೆಡಿಟ್ ಕಳೆದಿದ್ದಾರಾ, ದರ್ಜೆಯಿಂದ ಹೋಗಬೇಕಾದ ರೆಸಾರ್ಟ್ ಫೀ ಹೋಗಿದೆಯಾ, ಪಾರ್ಕಿಂಗ್ ಎರಡು ಸಲ ಬಿದ್ದಿದೆಯಾ ಅಂತ ಒಂದೊಂದೇ ಸಾಲು ನೋಡಿ. ಬುಕ್ ಮಾಡಿದ ದಿನ ಬಂದ ಇಮೇಲನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಕೌಂಟರಿಗೆ ಹೋಗಿ. ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಅಲ್ಲಿ ಸಾಲು ಬಾಗಿಲವರೆಗೂ ಬಂದಿರುತ್ತದೆ. ರಾತ್ರಿ ಹತ್ತು ಗಂಟೆಗೆ ಯಾರೂ ಇರುವುದಿಲ್ಲ, ಆಗ ನಿಧಾನವಾಗಿ ಕೇಳುತ್ತಾರೆ.